ಪೆನ್ಸಿಲ್‌ನಲ್ಲಿ ಬರೆದ ಮೂರನೇ ವರ್ಷ

ತರೀಕೆರೆಯ ಕಾಲೇಜಿನಲ್ಲಿ ನನ್ನ ಹಿರಿಯ ಸಹೋದ್ಯೋಗಿಯಾಗಿದ್ದ ಆಕೆ ಹಣಕಾಸು ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ಕೋರ್ಸ್‌ವರ್ಕ್, ಸಂದರ್ಶನ, ಪ್ರಬಂಧ ಎಂದು ಐದು ವರ್ಷದ ಯೋಜನೆಯನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು, ಮಡಿಸಿ ಬ್ಯಾಗಿನಲ್ಲಿಟ್ಟಿದ್ದರು. "ಪ್ಲಾನೂ ಪೆನ್ಸಿಲ್‌ನಲ್ಲೇ, ನೋಟ್ಸೂ ಪೆನ್ಸಿಲ್‌ನಲ್ಲೇ ಕಣೇ" ಎನ್ನುವರು.

ಮೂರನೇ ವರ್ಷ, ಗಂಡಂದಿರಿಗೆ ತಿಳಿಯದಂತೆ ಉಳಿತಾಯ ಮಾಡುವ ಹೆಂಗಸರನ್ನು ಮಾತಾಡಿಸಲು ಇಬ್ಬರೂ ಕಡೂರಿನಾಚೆಯ ಯಗಟಿ ಎಂಬ ಹಳ್ಳಿಗೆ ಹೋದೆವು. ಇಡೀ ಪ್ರಬಂಧ ನಿಂತಿದ್ದು ಅದರ ಮೇಲೆ. ಎಲ್ಲರೂ ನಗುತ್ತಲೇ ಹೇಳಿದರು. ಹೊರಟಾಗ ಒಬ್ಬಾಕೆ ಬಸ್ಸಿನವರೆಗೂ ಬಂದಳು: "ನಾವ್ಯಾರೂ ಏನೂ ಹೇಳಿಲ್ಲ ಅಂದ್ಕಳ್ರಕ್ಕ. ಹೆಸ್ರು ಬಿಟ್ರೂ ಗಂಡಸ್ರಿಗೆ ಗೊತ್ತಾಗೋಯ್ತದೆ."

ಬಸ್ಸಿನಲ್ಲಿ ನನ್ನ ಸಹೋದ್ಯೋಗಿ ಅತ್ತರೆಂದು ನನ್ನ ನೆನಪು ಹೇಳುತ್ತದೆ, ನಾನು ನಂಬುವುದಿಲ್ಲ. ಕಡೂರು ದಾಟುವಾಗ ರಬ್ಬರ್ ಕೇಳಿದ್ದು ಮಾತ್ರ ನಿಜ. ಆ ಹೆಂಗಸರ ಪುಟಗಳನ್ನೆಲ್ಲ ಅಳಿಸಿ, ಕೊನೆಗೆ ಕ್ಯಾಲೆಂಡರ್ ಬಿಡಿಸಿ ಮೂರನೇ ವರ್ಷವನ್ನೂ ಅಳಿಸುವಷ್ಟರಲ್ಲಿ ತರೀಕೆರೆ ಬಂದಿತ್ತು.