ಹನ್ನೊಂದನೇ ಕಂತಿನ ಅಮ್ಮ

ನಾನು ಆಗ ಲಾಂಡ್ರಿಯಲ್ಲಿ ಚೀಟಿ ಹೊಲಿಯುವ ಕೆಲಸದಲ್ಲಿದ್ದೆ. ಹೋಟೆಲುಗಳ ಹಾಸಿಗೆ ಬಟ್ಟೆ, ಆಸ್ಪತ್ರೆಯ ಹಸಿರು ಅಂಗಿ, ಇವೆಲ್ಲ ಅದಲುಬದಲಾಗದ ಹಾಗೆ ಒಂದೊಂದರ ಅಂಚಿಗೂ ಬೆರಳಗಲದ ಗುರುತಿನ ಚೀಟಿ ಹೊಲಿಯಬೇಕು. ನನ್ನ ಮೇಜಿನಿಂದ ನಾಲ್ಕು ಹೆಜ್ಜೆ ಆಚೆ, ಹಿಂದಿನ ಗೋಡೆಗೆ ತಾಗಿದಂತೆ ಸ್ಟೀಮ್ ಪ್ರೆಸ್. ಅದರ ಮುಂದೆ ಅಕ್ಕ. ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಅಂತಲೇ ಕರೆಯುತ್ತಿದ್ದರು, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಮಾಲೀಕ ಕೂಡ.

ಹದಿನೆಂಟನೇ ವಯಸ್ಸಿನಲ್ಲಿ ಅದೇ ಪ್ರೆಸ್ಸಿನ ಹಬೆಯ ಕೊಳವೆ ಒಡೆದು ಅವಳ ಎಡಗೆನ್ನೆ ಬೆಂದುಹೋಗಿತ್ತು. ಕಣ್ಣಿನ ರೆಪ್ಪೆ ಕೆಳಕ್ಕೆ ಜಗ್ಗಿತ್ತು, ತುಟಿಯ ತುದಿ ಮೇಲಕ್ಕೆ ಎಳೆದುಕೊಂಡಿತ್ತು, ಕಿವಿ ಇದ್ದ ಜಾಗದಲ್ಲಿ ಒಂದು ಗಂಟು ಉಳಿದಿತ್ತು. ಮಾಲೀಕ ಕೊಳವೆ ಬದಲಾಯಿಸಿದ, ಅವಳನ್ನು ಮತ್ತೆ ಅದರ ಮುಂದೆಯೇ ನಿಲ್ಲಿಸಿದ. ಒಂದೇ ಒಂದು ಷರತ್ತು ಹಾಕಿದ: ಗಿರಾಕಿಗಳು ಬರುವ ಕಡೆ ಸುಳಿಯಬಾರದು. ಹತ್ತೊಂಬತ್ತು ವರ್ಷ ಅವಳು ಹಿಂಬಾಗಿಲಲ್ಲೇ ಬಂದು ಹಿಂಬಾಗಿಲಲ್ಲೇ ಹೋದಳು. ಮನೆಯಲ್ಲೂ ಹೆಚ್ಚುಕಡಿಮೆ ಅದೇ ಏರ್ಪಾಡು. ಲಿಫ್ಟ್ ರಿಪೇರಿ ಮಾಡುವ ಅಣ್ಣನ ಜೊತೆ ಇದ್ದಳು, ಮೂರನೇ ಮಹಡಿಯ ಎರಡು ಕೋಣೆಯ ಮನೆ. ಯಾರಾದರೂ ಬಂದರೆ ಅತ್ತಿಗೆ "ಅಡುಗೆಮನೆಯಲ್ಲಿ ಸ್ವಲ್ಪ ಕೆಲಸ ಇದೆ ನೋಡು" ಅನ್ನುತ್ತಿದ್ದಳು. ಅಲ್ಲಿ ಯಾವ ಕೆಲಸವೂ ಇರುತ್ತಿರಲಿಲ್ಲ.

ಹಾಗಂತ ಪಾಪದ ಹೆಂಗಸು ಅಂದುಕೊಳ್ಳಬೇಡಿ. ಬಾಯಿ ಅಂದರೆ ಬಾಯಿ. ಹೋಟೆಲಿನ ಹಾಸಿಗೆ ಬಟ್ಟೆಯ ಕಲೆ ನೋಡಿ ಅದರ ಮೇಲೆ ಯಾರು ಮಲಗಿದ್ದರು, ಯಾಕೆ ಜಗಳ ಆಯಿತು ಅಂತ ಕತೆ ಕಟ್ಟಿ ಹೇಳಿ ನಮ್ಮ ಹೊಟ್ಟೆ ಹುಣ್ಣಾಗಿಸುತ್ತಿದ್ದಳು. "ನನ್ನ ಕಟ್ಟಿಕೊಳ್ಳೋನು ಜಾಸ್ತಿ ಏನೂ ಮಾಡೋದು ಬೇಡ ಕಣೆ, ಬಲಗಡೆ ಮಲಗಿದ್ರೆ ಸಾಕು" ಅನ್ನುತ್ತಿದ್ದಳು.

ಆ ವರ್ಷ ಟೀವಿಯಲ್ಲಿ 'ತೊಗಲುಗಾರರು' ಅಂತ ಒಂದು ಧಾರಾವಾಹಿ ಬರುತ್ತಿತ್ತು. ಬೇರೆ ಯಾವುದೋ ಗ್ರಹದಿಂದ ಇಳಿದು ಬಂದವರು ಮನುಷ್ಯರನ್ನು ಕೊಂದು ಅವರ ಮುಖ ತೊಟ್ಟುಕೊಂಡು ಅವರ ಮನೆಯಲ್ಲೇ ಸಂಸಾರ ಮಾಡಿಕೊಂಡಿರುತ್ತಾರೆ. ವಾರಕ್ಕೊಂದು ಮನೆಯಲ್ಲಿ ಒಬ್ಬೊಬ್ಬರು ಸಿಕ್ಕಿಬೀಳುತ್ತಾರೆ. ಶನಿವಾರ ಸಂಜೆ ಏಳಕ್ಕೆ ಬೀದಿ ಬಿಕೋ ಅನ್ನುತ್ತಿತ್ತು. ಅದರ ಉಡುಪುಗಳು ಒಗೆಯಲು ನಮ್ಮಲ್ಲಿಗೇ ಬರುತ್ತಿದ್ದವು. ಅವನ್ನು ಒಯ್ಯಲು ಬಂದ ಮೇಕಪ್‌ನವನು ಒಂದು ದಿನ ಮುಂದೆ ಯಾರೂ ಇಲ್ಲದ್ದು ಕಂಡು ನೇರ ಒಳಗೆ ನುಗ್ಗಿಬಿಟ್ಟ. ಸೆಕೆಗೆ ತಲೆಬಟ್ಟೆ ಬಿಚ್ಚಿಟ್ಟಿದ್ದ ಅಕ್ಕನನ್ನು ನೋಡಿ ನಿಂತ. ಅವನು ಮುಖ ತಿರುಗಿಸಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬ ಗಂಡಸು ಅವಳ ಮುಖವನ್ನು ಕಣ್ಣು ಕದಲಿಸದೆ ನೋಡಿದ್ದ. ಅಳತೆ ತೆಗೆಯುತ್ತಿದ್ದ ಅಂತ ನಮಗೆ ಆಮೇಲೆ ಗೊತ್ತಾಯಿತು.

"ಒಂದು ಪಾತ್ರ ಇದೆ. ಮಾಡ್ತೀರಾ?" ಅಂದ.

"ಈ ಮುಖಕ್ಕಾ?"

"ಅಮ್ಮನ ಪಾತ್ರ. ಒಂದೇ ಕಂತು."

ಮೂರು ದಿನದ ಮೇಲೆ ನಿರ್ದೇಶಕನೇ ಅವಳನ್ನು ಕರೆಸಿ ಮಾತಾಡಿದ. ಕುರ್ಚಿ ಕೊಟ್ಟ, ಬಹುವಚನದಲ್ಲಿ ಮಾತಾಡಿಸಿದ. ಕತೆ ಇಷ್ಟೇ ಅಂದ: ಪುಟ್ಟ ಹುಡುಗಿಯೊಬ್ಬಳಿಗೆ ತನ್ನ ಅಮ್ಮನ ಮೇಲೆ ಅನುಮಾನ ಬರುತ್ತೆ. ಸುಳ್ಳು ಅಮ್ಮನ ಮುಖವನ್ನು ಗಲ್ಲ ಹಿಡಿದು ಕಿತ್ತುಬಿಡ್ತಾಳೆ. ಆಗ ನಿಜ ಹೊರಗೆ ಬರುತ್ತೆ. "ಆ ನಿಜ ನೀವು" ಅಂದ. ಅವನು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಅಕ್ಕ ಮಾತ್ರ, ಕದ್ದ ಮುಖದ ಕೆಳಗೆ ನಿಜವಾದ ಅಮ್ಮ ಸಿಗುತ್ತಾಳೆ, ಕಷ್ಟಪಟ್ಟು ಮುಖ ಸುಟ್ಟುಕೊಂಡು ಬದುಕಿ ಉಳಿದ ಅಮ್ಮ, ಅಂತ ತಿಳಿದುಕೊಂಡು ಬಂದಳು. ಕೊಟ್ಟಿದ್ದು ಒಂದೇ ಹಾಳೆ, ಅದರಲ್ಲಿ ಮೂರೇ ಸಾಲು. "ಬಾ ಕಂದ, ಹತ್ತಿರ ಬಾ. ಹೆದರಬೇಡ. ನಾನು ನಿನ್ನ ಅಮ್ಮ ಅಲ್ವಾ?"

ಹದಿನೈದು ದಿನ ಆ ಮೂರು ಸಾಲು ನಮ್ಮ ತಲೆ ತಿಂದವು. ಹಬೆಯ ಬುಸುಗುಟ್ಟುವಿಕೆಯ ನಡುವೆ ಒಮ್ಮೆ ಮೆಲ್ಲಗೆ, ಒಮ್ಮೆ ಅಳುತ್ತ, ಒಮ್ಮೆ ಮುದ್ದು ಮಾಡುತ್ತ ಹೇಳುತ್ತಿದ್ದಳು. ನಾನು ಮಗು ಆಗಬೇಕು. "ನೀನು ಎಂಥ ಕತ್ತೆ ಮಗುವೇ, ಸ್ವಲ್ಪ ಮುಖ ಮೇಲೆ ಮಾಡೇ" ಅಂತ ಬೈದು ಗಲ್ಲ ಎತ್ತುತ್ತಿದ್ದಳು. ಅತ್ತಿಗೆಗೆ ವಿಷಯ ತಿಳಿದದ್ದೇ ತಡ, ಇಡೀ ಕಟ್ಟಡಕ್ಕೆ ಡಂಗುರ ಹೊಡೆದುಬಿಟ್ಟಳು. "ನಮ್ಮ ನಾದಿನಿ ಟೀವಿಯಲ್ಲಿ ಅಮ್ಮನ ಪಾರ್ಟು ಮಾಡ್ತಿದಾಳೆ." ಅವಳ ಬಾಯಲ್ಲಿ 'ನಮ್ಮ ನಾದಿನಿ' ಅನ್ನುವ ಮಾತನ್ನು ಅಕ್ಕ ಅದೇ ಮೊದಲು ಕೇಳಿದ್ದು.

ಶೂಟಿಂಗಿನ ದಿನ ಅವಳನ್ನು ಒಂದು ಗೋದಾಮಿಗೆ ಕರೆದೊಯ್ದರು. ಒಳಗೆ ಮೂರೇ ಗೋಡೆಯ ಒಂದು ಮನೆ ಕಟ್ಟಿದ್ದರು: ಊಟದ ಮೇಜು, ಗಡಿಯಾರ, ಕಿಟಕಿಯಾಚೆ ಬಣ್ಣ ಬಳಿದ ಆಕಾಶ. ಅಲ್ಲಿ ಹೂವಿನ ನಿಲುವಂಗಿ ತೊಟ್ಟ ಚೆಂದದ ನಟಿಯೊಬ್ಬಳು ಇದ್ದಳು. ಅಕ್ಕನಿಗೂ ಅಂಥದ್ದೇ ನಿಲುವಂಗಿ ಕೊಟ್ಟರು. "ನಿಮ್ಮದು ಕೊನೆಗೆ" ಅಂತ ತಗಡಿನ ಕೋಣೆಯೊಂದರಲ್ಲಿ ಕೂರಿಸಿ ಪರದೆ ಎಳೆದರು. ಅಲ್ಲಿ ಕನ್ನಡಿ ಇರಲಿಲ್ಲ.

"ಸಾರ್, ಮಗು ಹತ್ತಿರ ಮೊದಲೇ ಒಂದೆರಡು ಮಾತಾಡಿಬಿಡ್ತೀನಿ. ಇಲ್ಲಾಂದ್ರೆ ನನ್ನ ನೋಡಿ ಬೆಚ್ಚಿಬೀಳುತ್ತೆ" ಅಂದಳು ನಿರ್ದೇಶಕನಿಗೆ.

"ಬೇಡವೇ ಬೇಡ" ಅಂದ ಅವನು. "ನೀವು ಹೊರಗೆ ಕಾಲಿಡಬೇಡಿ. ಅವಳು ನಿಮ್ಮನ್ನ ನೋಡೋದು ಕ್ಯಾಮೆರಾ ಮುಂದೇನೇ."

ಮೇಕಪ್‌ನವನು ಎರಡು ಗಂಟೆ ಕೆಲಸ ಮಾಡಿದ. ಎಡಗೆನ್ನೆಗೆ ಏನೋ ಲೋಳೆಯಂಥದ್ದು ಸವರಿ ಬಿಟ್ಟ, ಅಷ್ಟೇ. ಉಳಿದ ಹೊತ್ತೆಲ್ಲ ಬಲಗೆನ್ನೆಗೆ. ತನ್ನ ಮುಖದ ಎರಡು ಕಡೆಯನ್ನೂ ಸಮ ಮಾಡುತ್ತಿದ್ದಾನೆ ಅಂತ ಅವಳು ಹಿಗ್ಗಿದಳು. ಸಮ ಮಾಡುತ್ತಿದ್ದದ್ದು ನಿಜ. ಒಳ್ಳೆಯ ಕೆನ್ನೆಯನ್ನು ಕೆಟ್ಟದರ ಹಾಗೆ ಮಾಡುತ್ತಿದ್ದ. ಆಮೇಲೆ ಆ ನಟಿಯ ಮುಖದಂಥದ್ದೇ ತೆಳ್ಳನೆ ರಬ್ಬರು ಮುಖವಾಡವನ್ನು ಅದರ ಮೇಲೆ ಅಂಟಿಸಿದ.

ಆರು ವರ್ಷದ ಹುಡುಗಿ. ಹೇಳಿಕೊಟ್ಟ ಹಾಗೆ ಕುರ್ಚಿ ಹತ್ತಿ, "ನೀನು ನಮ್ಮಮ್ಮ ಅಲ್ಲ" ಅಂತ ಹೇಳಿ, ಗಲ್ಲ ಹಿಡಿದು ಎಳೆಯಿತು. ಮುಖವಾಡ ಸರ್ರನೆ ಬಂತು. ಒಂದು ಕ್ಷಣ ಮಗುವಿನ ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ. ಆಮೇಲೆ ಬಂದ ಕಿರುಚಾಟ ಎಂಥದ್ದು ಅಂದರೆ ದೀಪ ಹಿಡಿದವನೇ ಹಿಂದೆ ಸರಿದನಂತೆ. ಮಗು ಕುರ್ಚಿಯಿಂದ ಬಿದ್ದು, ತೆವಳುತ್ತಾ ಗೋಡೆಗೆ ಒತ್ತಿಕೊಂಡಿತು. ಅಂಗಿ ಒದ್ದೆಯಾಗಿತ್ತು. ನಡುವೆ ನಿಲ್ಲಿಸಬಾರದು ಅಂತ ಅಕ್ಕನಿಗೆ ಹತ್ತು ಸಲ ಹೇಳಿದ್ದರು. ಹಾಗಾಗಿ ಅವಳು ಎರಡೂ ಕೈ ಚಾಚಿ ಅದರ ಕಡೆಗೇ ನಡೆದಳು. "ಬಾ ಕಂದ, ಹತ್ತಿರ ಬಾ. ಹೆದರಬೇಡ..."

"ಕಟ್!" ಅಂದ ನಿರ್ದೇಶಕ. "ಒಂದೇ ಟೇಕಲ್ಲಿ ಮುಗೀತು!" ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಯಾಮೆರಾ ಹಿಂದೆ ನಿಂತಿದ್ದ ಮಗುವಿನ ತಾಯಿಯೂ ತಟ್ಟಿದಳು, ಆಮೇಲೆ ಮಗುವಿನ ಹತ್ತಿರ ಓಡಿದಳು.

ಮರುದಿನ ಅಕ್ಕ ನಮಗೆ ಇದನ್ನೆಲ್ಲ ಹೇಳಲಿಲ್ಲ. "ಚೆನ್ನಾಗಾಯ್ತು. ಮಗು ಸ್ವಲ್ಪ ಅತ್ತಿತು" ಅಂದಳು. ಬಹಳ ದಿನದ ಮೇಲೆ ಒಮ್ಮೆ ಕೇಳಿದಾಗ ಬಾಯಿಬಿಟ್ಟಳು. "ಗೊತ್ತಾಗಿತ್ತು ಕಣೆ. ಆದ್ರೂ ಟೀವಿಲಿ ಬೇರೆ ಥರ ಜೋಡಿಸ್ತಾರೇನೋ ಅಂತ ಒಂದು ಆಸೆ."

ಹನ್ನೊಂದನೇ ಕಂತು ಬಂದ ಶನಿವಾರ ಅಣ್ಣನ ಮನೆಯ ಮುಂಗೋಣೆಯಲ್ಲಿ ಇಪ್ಪತ್ತೈದು ಜನ. ಪಕ್ಕದ ಮನೆಗಳಿಂದ ಕುರ್ಚಿ ತಂದಿದ್ದರು. ಅತ್ತಿಗೆ ಅಕ್ಕನ ಕೈ ಹಿಡಿದು ಎಲ್ಲರಿಗಿಂತ ಮುಂದೆ ಕೂರಿಸಿದಳು. ನಾನೂ ಇದ್ದೆ, ಬಾಗಿಲ ಹತ್ತಿರ.

ಅರ್ಧ ಗಂಟೆ ಆ ಚೆಂದದ ನಟಿಯೇ ಅಮ್ಮ. ಅಡುಗೆ ಮಾಡಿದಳು, ಮಗುವಿನ ತಲೆ ಬಾಚಿದಳು. "ನಿಂದು ಯಾವಾಗ?" ಅಂತ ಅತ್ತಿಗೆ ಎರಡು ಸಲ ಕೇಳಿದಳು. ಆಮೇಲೆ ಮುಖವಾಡ ಕಿತ್ತು ಬಂತು, ಪರದೆ ತುಂಬ ಅಕ್ಕನ ಮುಖ. ಬಾಯಿ ಆಡುತ್ತಿತ್ತು, ಆದರೆ ಅವಳ ದನಿ ಇರಲಿಲ್ಲ; ಬದಲಿಗೆ ನಾಯಿಯೋ ಹಂದಿಯೋ ಗುರುಗುಟ್ಟುವ ಸದ್ದು. ಮಗುವಿನ ಅಪ್ಪ ಓಡಿಬಂದು ಕುದಿಯುವ ನೀರಿನ ಪಾತ್ರೆ ಎತ್ತಿ ಅದರ ಮೇಲೆ ಸುರಿದ. ಬೇರೆ ಯಾರನ್ನೋ ಇಟ್ಟುಕೊಂಡು ತೆಗೆದದ್ದು ಅದು. ನಿಲುವಂಗಿಯೊಳಗೆ ಆ ಪ್ರಾಣಿ ಹೊಗೆಯಾಡುತ್ತಾ ಕರಗಿತು. ಮನೆಯವರು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಒಬ್ಬ ಯಜಮಾನರು ಮಾತು ತೇಲಿಸಲು, "ಮೇಕಪ್ ಬಹಳ ಚೆನ್ನಾಗಿ ಮಾಡಿದಾರೆ" ಅಂದರು.

"ಮೇಕಪ್ ಎಲ್ಲಿದೆ ತಾತ? ಆಂಟಿ ಇರೋದೇ ಹಾಗಲ್ವಾ?" ಅಂತ ಅವರ ಮೊಮ್ಮಗಳು ಕೇಳಿದಳು.

ಮೊದಲು ಯಾರು ನಕ್ಕರೋ ಗೊತ್ತಿಲ್ಲ. ತಡೆದು ತಡೆದು ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದೆ ಅನ್ನುವುದಷ್ಟೇ ನೆನಪು. ಅಕ್ಕ ಟೀವಿಯನ್ನೇ ನೋಡುತ್ತಿದ್ದಳು. ಕೊನೆಗೆ ಹೆಸರುಗಳು ಓಡಿದವು. ಅವಳ ಹೆಸರು ಇರಲಿಲ್ಲ. 'ಒಳಗಿನ ಜೀವಿ' ಅಂತ ಇತ್ತು, ಅದರ ಎದುರು ಖಾಲಿ.

ಎಲ್ಲರೂ ಹೋದಮೇಲೆ ಅತ್ತಿಗೆ, "ಕುರ್ಚಿ ವಾಪಸ್ ಕೊಡೋಕೆ ನೀನು ಹೋಗಬೇಡ" ಅಂದಳಂತೆ. ಅಣ್ಣನೇ ಕುರ್ಚಿ ಹೊತ್ತುಕೊಂಡು ಹೋದನಂತೆ.

ಸೋಮವಾರ ಮಾಲೀಕ ಅವಳನ್ನು ಕರೆದು ತಲೆಬಟ್ಟೆ ತೆಗೆಸಿ ಮುಂದಿನ ಕೌಂಟರಿನಲ್ಲಿ ನಿಲ್ಲಿಸಿದ. ಹತ್ತೊಂಬತ್ತು ವರ್ಷ ಬಚ್ಚಿಟ್ಟಿದ್ದ ಮುಖವನ್ನು ಈಗ ಅಂಗಡಿಯ ಬೋರ್ಡಿನ ಹಾಗೆ ತೂಗುಹಾಕಿದ. ಜನ ಒಂದು ಕರ್ಚೀಫು ಹಿಡಿದುಕೊಂಡು ಬರತೊಡಗಿದರು. ಶಾಲೆ ಬಿಟ್ಟ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಒಬ್ಬಾತ ತನ್ನ ಹೆಂಡತಿಯನ್ನು ಕರೆತಂದು, "ಒಂದ್ಸಲ ಗುರ್ ಅನ್ರಮ್ಮ, ಇವಳು ನಂಬ್ತಿಲ್ಲ" ಅಂದ. ಅಕ್ಕ, "ಬಟ್ಟೆ ಗುರುವಾರ ಸಿಗುತ್ತೆ" ಅಂತ ಚೀಟಿ ಹರಿದು ಕೊಟ್ಟಳು. ನಮ್ಮನ್ನು ನಗಿಸುವುದನ್ನು ಆ ವಾರವೇ ಬಿಟ್ಟಿದ್ದಳು.

ಮೂರು ವಾರ ಕಳೆದಿತ್ತು. ಒಂದು ಮಧ್ಯಾಹ್ನ ಆ ಮಗುವಿನ ತಾಯಿ ಬಂದಳು. ನಿದ್ದೆಗೆಟ್ಟ ಕಣ್ಣು, ಗಲ್ಲದ ತುಂಬ ಗೀರು.

"ಪುಟ್ಟಿ ನನ್ನ ಹತ್ತಿರಾನೇ ಬರ್ತಿಲ್ಲ" ಅಂದಳು. "ಬಂದ್ರೂ ನನ್ನ ಗಲ್ಲ ಹಿಡಿದು ಎಳೀತಾಳೆ. ನನ್ನ ಮುಖದ ಕೆಳಗೆ ನೀವಿದೀರಂತೆ. ಒಂದ್ಸಲ ಮನೆಗೆ ಬನ್ನಿ, ಕೈಮುಗೀತೀನಿ."

"ನಾನು ಬಂದು ಏನು ಮಾಡ್ಲಿ?"

"ನೀವು ಮನುಷ್ಯರು ಅಂತ ತೋರಿಸಿ, ಸಾಕು."

ಅಕ್ಕ ಚೀಟಿ ಪುಸ್ತಕ ಮುಚ್ಚಿದಳು. "ಅವತ್ತು ನಾನು ಮಗು ಹತ್ತಿರ ಮೊದಲೇ ಮಾತಾಡ್ತೀನಿ ಅಂದೆ. ನೀವು ಅಲ್ಲೇ ಹೊರಗೆ ಇದ್ರಿ. ನಿಮಗೆ ಗೊತ್ತಿತ್ತಲ್ವಾ?"

ತಾಯಿ ನೆಲ ನೋಡಿದಳು. "ಗೊತ್ತಿತ್ತು. ಕೂಗು ಸಹಜವಾಗಿ ಬರಬೇಕು ಅಂದ್ರು."

ಬಟ್ಟೆಗಂಟು ಇಡಲು ಕೌಂಟರಿಗೆ ಬಂದಿದ್ದ ನಾನು ಬೇಡ ಅಂತ ಕಣ್ಸನ್ನೆ ಮಾಡಿದೆ. ಅಕ್ಕ ಹೊರಟೇಬಿಟ್ಟಳು, ಜೊತೆಗೆ ನನ್ನನ್ನೂ ಕರೆದುಕೊಂಡಳು. ಅಚ್ಚುಕಟ್ಟಾದ ಮನೆ, ಗೋಡೆಯ ಮೇಲೆ ಪುಟ್ಟಿಯ ಫೋಟೋಗಳು. ಅಕ್ಕ ಒಳಗೆ ಹೋಗಿ ನೆಲದ ಮೇಲೆ ಕುಳಿತು ತಲೆಬಟ್ಟೆ ತೆಗೆದಳು. ಮಗು ಬಾಗಿಲ ಸಂದಿಯಿಂದ ಬಹಳ ಹೊತ್ತು ನೋಡಿತು. ಕಿರುಚಲಿಲ್ಲ. ಒಂದೊಂದೇ ಹೆಜ್ಜೆ ಹತ್ತಿರ ಬಂದು ಕೆನ್ನೆ ಮುಟ್ಟಿತು.

"ಎಳೆದು ನೋಡು ಪುಟ್ಟಿ, ಬರಲ್ಲ" ಅಂದಳು ತಾಯಿ.

ಮಗು ಎಳೆಯಿತು. ಮೊದಲು ಎರಡು ಬೆರಳಲ್ಲಿ, ಆಮೇಲೆ ಉಗುರು ಹಾಕಿ, ಹಲ್ಲು ಕಚ್ಚಿಕೊಂಡು. ಸುಟ್ಟ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ, ಬೇಗ ಹರಿಯುತ್ತದೆ. ದವಡೆಯ ಮೇಲೆ ರಕ್ತ ಇಳಿಯಿತು. ನಾನು ಎದ್ದೆ. ಅಕ್ಕ ಕೈ ಅಡ್ಡ ಚಾಚಿ ನನ್ನನ್ನು ತಡೆದಳು. ತಾಯಿ ಸುಮ್ಮನೆ ನೋಡುತ್ತಾ ನಿಂತಿದ್ದಳು.

ಕೊನೆಗೆ ಮಗು ಸೋತು ಕೈ ಬಿಟ್ಟಿತು. "ಬರಲ್ಲ. ಇದು ಇವಳದ್ದೇ ಮುಖ."

"ನೋಡಿದ್ಯಾ? ನಾನು ಹೇಳಲಿಲ್ವಾ?"

"ಛೀ" ಅಂತು ಮಗು. ಕೈಯನ್ನು ಅಂಗಿಗೆ ಒರೆಸಿಕೊಂಡು, ಎಷ್ಟೋ ವಾರದ ಮೇಲೆ ಅಮ್ಮನ ಮಡಿಲಿಗೆ ಹೋಗಿ ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿತು. ತಾಯಿಗೆ ಅಳು ಬಂತು. ಅಳುತ್ತಲೇ ನಮಗೆ ಹತ್ತಿಯ ಡಬ್ಬಿ ತೋರಿಸಿ, "ತುಂಬಾ ಉಪಕಾರ ಆಯ್ತು" ಅಂದಳು.

ಮೆಟ್ಟಿಲು ಇಳಿಯುವಾಗ ನನಗೆ ಮೈಯೆಲ್ಲ ಉರಿ. ಅಕ್ಕ ಹತ್ತಿ ಒತ್ತಿಕೊಂಡು ಮೆಲ್ಲಗೆ ಇಳಿಯುತ್ತಿದ್ದಳು. "ಹೋಗ್ಲಿ ಬಿಡೆ. ಹೆದರಿಕೆ ಹೋಯ್ತಲ್ಲ. ಈಗ ಬರೀ ಅಸಹ್ಯ. ಅಸಹ್ಯ ಆದ್ರೆ ಮಕ್ಕಳಿಗೆ ನಿದ್ದೆ ಬರುತ್ತೆ."

ಗಾಯ ಕೀವಾಯಿತು. ಗಿರಾಕಿಗಳು ಮುಖ ಸಿಂಡರಿಸುತ್ತಾರೆ ಅಂತ ಮಾಲೀಕ ಅವಳನ್ನು ಮತ್ತೆ ಹಿಂದಕ್ಕೆ ಕಳಿಸಿದ. ಅವಳು ಪ್ರೆಸ್ಸಿನ ಹತ್ತಿರ ಹೋಗಲಿಲ್ಲ. ಹಿಂಬಾಗಿಲಿಂದ ಹೊರಗೆ ನಡೆದಳು. ಆಸ್ಪತ್ರೆಯೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಕೆಲಸ ಹಿಡಿದಳು, ಅಣ್ಣನ ಮನೆ ಬಿಟ್ಟು ಒಂದು ಕೋಣೆ ಮಾಡಿದಳು. ಅಣ್ಣ ಒಮ್ಮೆ ಬಂದು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋದನಂತೆ.

ಈಗ ಅವಳಿಗೆ ಐವತ್ತು ದಾಟಿದೆ. ಆ ಧಾರಾವಾಹಿಯನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ಹಾಕುತ್ತಾರೆ. ಎಲ್ಲಕ್ಕಿಂತ ಹೆಚ್ಚು ಜನ ನೋಡುವುದು ಹನ್ನೊಂದನೇ ಕಂತನ್ನೇ. ಅದು ಬಂದ ವಾರ ಅಕ್ಕ ಬಸ್ಸು ಹತ್ತುವುದಿಲ್ಲ. ಆಸ್ಪತ್ರೆಯವರೆಗೆ ಐದು ಮೈಲಿ ನಡೆದೇ ಹೋಗುತ್ತಾಳೆ, ಬೆಳಗ್ಗೆ ಬೇಗ ಎದ್ದು, ಗೋಡೆಯ ಪಕ್ಕದಲ್ಲಿ.