ಅತ್ತೆಗೆ ಸಿಕ್ಕ ವೀಸಾ

ಅತ್ತೆ ಸೊಸೆ ಇಬ್ಬರೂ ಒಂದೇ ದೇಶಕ್ಕೆ, ಒಂದೇ ಮನೆಗೆ ಹೋಗಲು ಅರ್ಜಿ ಹಾಕಿದ್ದರು. ಅತ್ತೆ ಸರೋಜಿನಿಗೆ ವೀಸಾ ಸಿಕ್ಕಿತು. ಸೊಸೆ ರಂಜನಿಗೆ ಸಿಗಲಿಲ್ಲ.

ರಂಜನಿ ಬಾಗಲಕೋಟೆಯವಳು. ಬ್ಯಾಂಕಿನವರು ವರ್ಗ ಮಾಡಿ ಅವಳನ್ನು ಛತ್ರಪತಿ ಸಂಭಾಜಿನಗರಕ್ಕೆ ಕಳಿಸಿದ್ದರು. ಗಂಡ ತನ್ಮಯ ಧಾರವಾಡದ ಮನೆತನದವನಾದರೂ ಹುಟ್ಟಿ ಬೆಳೆದದ್ದೆಲ್ಲ ನಾಸಿಕ್ ರೋಡ್ ಬಡಾವಣೆಯಲ್ಲಿ. ಈಗ ಕೆನಡಾದ ರೆಜೈನಾ ಊರಿನಲ್ಲಿ ದೊಡ್ಡ ಲಾರಿಗಳ ಮೆಕ್ಯಾನಿಕ್. ಅಲ್ಲಿ ಕಾಯಂ ಆದಮೇಲೆ ಬಂದು ಮದುವೆಯಾಗಿ, ರಜೆ ಮುಗಿದ ಕೂಡಲೇ ಹಿಂದಿರುಗಿದ್ದ. ಹೆಂಡತಿಯನ್ನು ಕರೆಸಿಕೊಳ್ಳಲು ಸ್ಪಾನ್ಸರ್‌ಶಿಪ್ ಅರ್ಜಿಯನ್ನೂ ಹಾಕಿದ್ದ. ಅದು ಕೈಗೂಡಲು ವರ್ಷಕ್ಕೂ ಮೇಲೆ ಹಿಡಿಯುತ್ತದೆ, ಅಷ್ಟರಲ್ಲಿ ಆಯಿ ಮತ್ತು ನೀನು ವಿಸಿಟರ್ ವೀಸಾದ ಮೇಲೆ ಬೇಸಿಗೆಗೊಮ್ಮೆ ಬಂದು ಹೋಗಿ ಎಂದಿದ್ದ. ತಾಯಿಯನ್ನು ಅವನು ಮರಾಠಿಯವರ ಹಾಗೆ ಆಯಿ ಎನ್ನುತ್ತಿದ್ದ.

ವೀಸಾ ಕಚೇರಿಯ ಮಾತು ಸರಳವಾಗಿತ್ತು. ಈಕೆಯ ಗಂಡ ಇಲ್ಲಿದ್ದಾನೆ, ಆದ್ದರಿಂದ ಬಂದವಳು ತಿರುಗಿ ಹೋಗುತ್ತಾಳೆಂಬ ನಂಬಿಕೆ ನಮಗಿಲ್ಲ.

"ಗಂಡ ಇದ್ದಾನ ಅಂತ ಬ್ಯಾಡ ಅಂತಾರ. ಗಂಡ ಇರದಿದ್ರ ನಾ ಯಾಕ ಅಲ್ಲಿ ಬರ್ತಿದ್ದೆ?" ಎಂದು ರಂಜನಿ ಫೋನಿನಲ್ಲಿ ಕೇಳಿದಳು.

ತನ್ಮಯ ನಕ್ಕ. ಆಮೇಲೆ, "ಆಯಿ ಒಬ್ಬಾಕಿನ ಬರಲಿ ಬಿಡು. ತಿಕೀಟ್ ಆಗ್ಯದ" ಎಂದ.

ಸರೋಜಿನಿ ಮೇ ತಿಂಗಳಲ್ಲಿ ಹೊರಟರು. ಗಂಡ ತೀರಿಕೊಂಡ ಮೇಲೆ ನಾಸಿಕ್ ಬಿಟ್ಟು ಅದೇ ಜಿಲ್ಲೆಯ ಮಾಲೇಗಾಂವ್ ದಾಟಿ ಹೋಗದಿದ್ದ ಹೆಂಗಸು. ಮೊದಲ ವಾರ ರಂಜನಿಗೂ ಸಂತೋಷವೇ ಆಯಿತು. ಆಮೇಲೆ ಫೋಟೋಗಳು ಬರತೊಡಗಿದವು. ಸರೋವರದ ದಂಡೆಯಲ್ಲಿ ಬಾತುಕೋಳಿಗಳ ನಡುವೆ ಅತ್ತೆ. ಮಗನ ಹಳೆಯ ಸ್ವೆಟರ್ ಹಾಕಿಕೊಂಡು ಸೀರೆಯಲ್ಲಿ ಅತ್ತೆ. ಮಗನ ಗಾಡಿಯ ಮುಂದಿನ ಸೀಟಿನಲ್ಲಿ, ಬೆಲ್ಟ್ ಬಿಗಿದುಕೊಂಡು, ರಾಣಿಯ ಹಾಗೆ ಕುಳಿತ ಅತ್ತೆ. ಆ ಕೊನೆಯ ಫೋಟೋವನ್ನು ರಂಜನಿ ಬ್ಯಾಂಕಿನ ಊಟದ ಬಿಡುವಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದಳು. ಆ ಗಾಡಿಯಲ್ಲಿ ಅವಳು ಇನ್ನೂ ಒಮ್ಮೆಯೂ ಕುಳಿತಿರಲಿಲ್ಲ.

"ಊಟಕ್ಕೇನಿತ್ತು?" ಎಂದು ಕೇಳಿದರೆ, "ಆಯಿ ಎಣ್ಣಿಗಾಯಿ ಮಾಡಿದ್ಳು, ಏಕದಮ್ ಮಸ್ತ್" ಎನ್ನುತ್ತಿದ್ದ ತನ್ಮಯ. ಒಂದು ಸಲ ಅವನ ಗೆಳೆಯರೆಲ್ಲ ಮನೆಗೆ ಬಂದರು. ಸರೋಜಿನಿ ಎಲ್ಲರಿಗೂ ಬಡಿಸಿದರು, ಊಟಕ್ಕೆ ಕುಳಿತವರೆಲ್ಲ ಕೈ ಬೀಸಿದ ವಿಡಿಯೋ ಬಂತು. ಆ ಮನೆಯ ಯಜಮಾನಿ ಯಾರೆಂದು ಯಾರಾದರೂ ಕೇಳಿದ್ದರೆ ಅಲ್ಲಿದ್ದವರೆಲ್ಲ ಅತ್ತೆಯತ್ತಲೇ ಬೆರಳು ತೋರಿಸುತ್ತಿದ್ದರು. ವಯಸ್ಸಾದ ವಿಧವೆಯೊಬ್ಬಳು ಮಗನ ಹತ್ತಿರ ನಾಲ್ಕು ದಿನ ಸುಖವಾಗಿದ್ದರೆ ತನಗೇಕೆ ಹೊಟ್ಟೆ ಉರಿಯಬೇಕು ಎಂದು ರಂಜನಿ ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಂಡರೂ ಉರಿ ಆರಲಿಲ್ಲ. ರಜೆ ಸಿಕ್ಕಾಗ ಯೇವಲೆ ಊರಿನ ಮೇಲೆ ಹಾಯ್ದು ನಾಸಿಕ್‌ಗೆ ಹೋಗಿ ಅತ್ತೆಯ ಮನೆ ಗುಡಿಸಿ ಬರುವಾಗ, ಅಲ್ಲಿ ಗಂಡನಿದ್ದಾನೆ, ಇಲ್ಲಿ ನನ್ನ ಪಾಲಿಗೆ ಕಸಬರಿಗೆ ಎಂದು ಕಣ್ಣು ತುಂಬುತ್ತಿತ್ತು.

ಅಕ್ಟೋಬರಿನಲ್ಲಿ ತನ್ಮಯ ಹೇಳಿದ, "ಆಯೀದು ಇನ್ನಾರು ತಿಂಗಳು ಎಕ್ಸ್‌ಟೆಂಡ್ ಮಾಡಸ್ತೇನಿ. ಆಕಿಗೂ ಇಲ್ಲೇ ಛಲೋ ಅನಸ್ಯದ."

"ಅದು ಆಗೂದಿಲ್ರಿ" ಎಂದಳು ರಂಜನಿ. "ನವೆಂಬರದಾಗ ಅವರ ಪೆನ್ಶನ್ನಿನ ಲೈಫ್ ಸರ್ಟಿಫಿಕೇಟ್ ಕೊಡಬೇಕು. ಖುದ್ದು ಬ್ಯಾಂಕಿಗೆ ಬರಬೇಕಾಗ್ತದ. ಇಲ್ಲಂದ್ರ ಪೆನ್ಶನ್ ನಿಲ್ತದ."

ಅದು ಸುಳ್ಳು. ಪರದೇಶದಲ್ಲಿರುವ ಪಿಂಚಣಿದಾರರು ಮೊಬೈಲಿನಲ್ಲಿ ಮುಖ ತೋರಿಸಿಯೇ ತಾವು ಬದುಕಿದ್ದೇವೆಂದು ಖಾತ್ರಿಪಡಿಸಬಹುದು. ಅದನ್ನು ಹೇಗೆ ಮಾಡಬೇಕೆಂದು ಗ್ರಾಹಕರ ಮಕ್ಕಳಿಗೆ ರಂಜನಿಯೇ ಎಷ್ಟೋ ಸಲ ಹೇಳಿಕೊಟ್ಟಿದ್ದಳು. ಬ್ಯಾಂಕಿನವಳ ಮಾತನ್ನು ತನ್ಮಯ ಏಕೆ ಅನುಮಾನಿಸಬೇಕು? ನವೆಂಬರಿನ ಆರಂಭಕ್ಕೇ ತಾಯಿಯನ್ನು ವಿಮಾನ ಹತ್ತಿಸಿದ.

ಕರೆದುಕೊಂಡು ಬರಲು ರಂಜನಿಯೇ ಮುಂಬೈಗೆ ಹೋದಳು. ನಾಸಿಕ್ ದಾರಿಯ ಘೋಟಿಯಲ್ಲಿ ಚಹಾಕ್ಕೆ ನಿಂತಾಗಲೂ ಸರೋಜಿನಿಯ ಮಾತು ಮಗನ ಮೇಲೆಯೇ. ಅವನಿಗೆ ಬೆಳಿಗ್ಗೆ ಎಷ್ಟು ಬೇಗ ಏಳಬೇಕಾಗುತ್ತದೆ, ಥಂಡಿಗೆ ಅವನ ಬೆರಳು ಹೇಗೆ ಒಡೆಯುತ್ತವೆ. ಒಡೆದ ಆ ಬೆರಳು ಒಮ್ಮೆಯೂ ತನ್ನ ಕಣ್ಣಿಗೆ ಬಿದ್ದಿಲ್ಲವಲ್ಲ ಎಂದು ರಂಜನಿ ಲೋಟದೊಳಗೆ ನೋಡುತ್ತ ಕುಳಿತಳು.

ಮರುದಿನ ಇಬ್ಬರೂ ನಾಸಿಕ್ ರೋಡಿನ ಬ್ಯಾಂಕಿಗೆ ಹೋದರು. ಕೌಂಟರಿನ ಹುಡುಗಿ ಪಾಸ್‌ಬುಕ್ಕು ತೆಗೆದುಕೊಳ್ಳುತ್ತ, ಇಷ್ಟು ದಿನ ಎಲ್ಲಿಗೆ ಹೋಗಿದ್ದಿರಿ ಮಾವಶಿ ಎಂದು ಮರಾಠಿಯಲ್ಲಿ ಕೇಳಿದಳು. ಸರೋಜಿನಿ ಹೆಮ್ಮೆಯಿಂದ ಕೆನಡಾ ಎಂದರು, ಇದಕ್ಕೆಂದೇ ಬಂದೆ ಎಂದೂ ಸೇರಿಸಿದರು. ಹುಡುಗಿಗೆ ಆಶ್ಚರ್ಯವಾಯಿತು. ಇಷ್ಟಕ್ಕಾಗಿ ಬರಬೇಕಿತ್ತೇ, ಅಲ್ಲಿಂದಲೇ ಮೊಬೈಲಿನಲ್ಲಿ ಆಗುತ್ತಿತ್ತಲ್ಲ ಎಂದಳು.

ಸರೋಜಿನಿ ಸೊಸೆಯ ಕಡೆ ತಿರುಗಲಿಲ್ಲ. ಸಹಿ ಮಾಡಿ ಹೊರಗೆ ಬಂದರು. ಮನೆ ಮುಟ್ಟಿ, ಕೈಕಾಲು ತೊಳೆದು ಕುಳಿತ ಮೇಲೆ ಕೇಳಿದರು.

"ನಿನಗ ಗೊತ್ತಿತ್ತಲ್ಲಾ ರಂಜನಿ?"

"ಹೌದ್ರಿ ಅತ್ತಿ."

"ಮತ್ಯಾಕ?"

ರಂಜನಿ ಏನೇನೋ ಹೇಳಬೇಕೆಂದಿದ್ದಳು. "ನೀವು ಅಲ್ಲಿ ಇರೂದು ನನಗ ನೋಡಲಿಕ್ಕಾಗಲಿಲ್ರಿ" ಎಂದಷ್ಟೇ ಬಾಯಿಗೆ ಬಂತು.

"ದಿನಾ ಸಂಜಿಗೆ ಊಟಾ ಆತಂದ್ರ ತನ್ಮಯ ಖೋಲಿ ಬಾಗಲಾ ಹಾಕ್ಕೋತಿದ್ದ ನೋಡು" ಎಂದರು ಸರೋಜಿನಿ. "ನಿನ್ನ ಫೋನು. ಒಳಗ ಅಂವ ನಗೂದು ನನಗ ಕೇಳಸ್ತಿತ್ತು. ನನ್ನ ಜೋಡಿ ಹಂಗ ಒಂದ ದಿನಾನೂ ನಗಲಿಲ್ಲ. ಆರು ತಿಂಗಳು ಆ ಬಾಗಲಾ ನೋಡಕೋತ ಕೂತೇನಿ. ಹೊಟ್ಟಿಕಿಚ್ಚು ನಿನಗೊಬ್ಬಾಕಿಗೇ ಅದ ಅಂತ ತಿಳದೀ ಏನು?"

ರಂಜನಿ ಅಳತೊಡಗಿದಳು. ಸರೋಜಿನಿ ಸಮಾಧಾನ ಮಾಡಲು ಎದ್ದು ಬರಲಿಲ್ಲ.

"ತನ್ಮಯನ ಮುಂದ ಹೇಳೂದಿಲ್ಲ. ಆದ್ರ ನೀ ಅಲ್ಲಿ ಹೋದ ಮ್ಯಾಲ ನನ್ನ ಕರಸಬೇಕು. ಅಂವ ಕರಸೂದು ಬ್ಯಾರೆ. ನೀನ ಕರಸಬೇಕು."

ಆ ಸುಳ್ಳಿನ ವಿಷಯ ತನ್ಮಯನಿಗೆ ಹೇಳಿದವಳು ರಂಜನಿಯೇ. ಅವನು ಎರಡು ದಿನ ಫೋನು ಎತ್ತಲಿಲ್ಲ, ಆಮೇಲೆ ಎತ್ತಿದ. ಮರುವರ್ಷದ ಮಳೆಗಾಲದಲ್ಲಿ ಅವಳ ಕಾಗದ ಪತ್ರಗಳೆಲ್ಲ ಪಾಸಾಗಿ, ಅವಳು ನೌಕರಿ ಬಿಟ್ಟು ರೆಜೈನಾ ಸೇರಿದಳು. ಪಕ್ಕದ ಮನೆಯ ಪಂಜಾಬಿ ಹೆಂಗಸು ಮೊದಲ ದಿನವೇ ಬಾಗಿಲಿಗೆ ಬಂದು ವಿಚಾರಿಸಿದ್ದು ಅತ್ತೆಯನ್ನು. ರಂಜನಿ ನಗುತ್ತಲೇ ಉತ್ತರ ಕೊಟ್ಟಳು, ಆದರೆ ಒಳಗೆ ಚುರುಕ್ಕೆಂದಿತು.

ಚಳಿ ಕಳೆದ ಮೇಲೆ ಅತ್ತೆಯ ಹೊಸ ವೀಸಾಕ್ಕೆ ಆಮಂತ್ರಣ ಬರೆಯಲು ಅವಳೇ ಕುಳಿತಳು. ಎಷ್ಟು ದಿನ ಇರುತ್ತಾರೆ ಎಂದು ಬರೆಯಬೇಕಾದಲ್ಲಿ ಕೈ ತಡೆಯಿತು. ನಾಸಿಕ್‌ಗೆ ಫೋನು ಹಚ್ಚಿದಳು.

"ಅತ್ತಿ, ಮೂರು ತಿಂಗಳು ಸಾಕೇನ್ರಿ?"

"ಐದು" ಎಂದರು ಸರೋಜಿನಿ.

ಇಬ್ಬರೂ ನಾಲ್ಕಕ್ಕೆ ಒಪ್ಪಿಕೊಂಡರು.