ಕಾಕಾ ಬಿಚ್ಚಿಸಿದ ಚೀಲ

ಸೈಕಲ್ ಅಂಗಡಿ ಕಾಕಾನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಕೊಂಡು ಎರಡು ಹೋಳಾಗಿತ್ತು. ಆ ಸೀಳಿನಲ್ಲಿ ಕರಿ ಗ್ರೀಸು, ಎಷ್ಟು ಸೋಪು ತಿಕ್ಕಿದರೂ ಹೋಗುತ್ತಿರಲಿಲ್ಲ. ಅದೇ ಬೆರಳನ್ನು ಟಯರಿನ ಒಳಗೆ ಆಡಿಸಿ, ಜಾಲಿ ಮುಳ್ಳು ಎಲ್ಲಿ ಮುರಿದು ಕೂತಿದೆ ಎಂದು ಹೇಳಿಬಿಡುತ್ತಿದ್ದ. ನನಗಿಂತ ಎರಡೇ ವರ್ಷ ದೊಡ್ಡವನು. ನಮ್ಮೂರು ದುಮ್ಮವಾಡವೆಲ್ಲ ಕಾಕಾ ಅನ್ನುತ್ತಿತ್ತು, ನಾನೂ ಅಂದೆ.

ಅವನ ಬಾಯಿ ಒಳ್ಳೆಯದಿರಲಿಲ್ಲ. ಗಾಳಿ ಇಲ್ಲದ ಸೈಕಲ್ ಹೊಡೆದುಕೊಂಡು ಬಂದವರಿಗೆ, "ಇದು ಎಮ್ಮಿ ಅಲ್ಲೋ, ಹೊಟ್ಟಿ ಖಾಲಿ ಇದ್ರೂ ಮನೀಗೆ ಬರಾಕ" ಎಂದು ಬೈದೇ ಪಂಪು ಕೈಗೆ ಕೊಡುತ್ತಿದ್ದ.

ದೂರ ಹೊರಟವರ ಚೀಲ ಕಟ್ಟಿಸುವುದರಲ್ಲಿ ಅವನದೊಂದು ರೀತಿ. ಗೋಣಿತಟ್ಟು ಹಾಸಿ ಸಾಮಾನು ಹರವುತ್ತಿದ್ದ: ನಟ್ಟು ಬಿಚ್ಚುವ ಪಾನಾ, ಟಯರ್ ಎಬ್ಬಿಸುವ ಪಟ್ಟಿ, ಒಂದು ಹೊಸ ಟ್ಯೂಬು, ತೇಪೆ, ಸಲ್ಯೂಷನ್, ಬ್ರೇಕ್ ವಾಯರು, ಚೈನಿನ ಎರಡು ಕೊಂಡಿ. ಗಾಲಿಯ ಬಿಡಿ ಕಡ್ಡಿಗಳು ಮಾತ್ರ ಚೀಲಕ್ಕಿಲ್ಲ, ಹಳೇ ಟ್ಯೂಬಿನ ಪಟ್ಟಿಯಿಂದ ಸೈಕಲ್ಲಿನ ಡಂಡಿಗೇ ಬಿಗಿಯಬೇಕು. ಉಳಿದದ್ದನ್ನೆಲ್ಲ ಹಳೇ ಧೋತರದ ತುಂಡಿನಲ್ಲಿ ಸುತ್ತಬೇಕು. ಚೀಲ ಅಲುಗಿಸಿದರೆ ಸಪ್ಪಳ ಬರಬಾರದು. ಇಷ್ಟಾದ ಮೇಲೆ ಹೊರಡುವ ದಿನ ಬೆಳಿಗ್ಗೆ ಅದೆಲ್ಲವನ್ನೂ ಮತ್ತೆ ಬಿಚ್ಚಿಸುತ್ತಿದ್ದ. ಈ ಬಿಚ್ಚಿಸುವ ಚಟ ನನಗೆ ಗೊತ್ತಿರಲಿಲ್ಲ.

ನನ್ನ ಮೊಮ್ಮಗಳು ಕಾಲೇಜಿನ ಮೂವರು ಗೆಳತಿಯರ ಜೊತೆ ಸೈಕಲ್ ಮೇಲೆ ಉಳವಿಗೆ ಹೊರಟಿದ್ದಳು. ದಾಂಡೇಲಿ ದಾಟಿದರೆ ಬರೀ ಅಡವಿ, ಘಟ್ಟದ ಏರು, ಫೋನು ಹತ್ತುವುದಿಲ್ಲ. ಮಗ ಹೂಂ ಅಂದ, ಸೊಸೆ ಹೂಂ ಅಂದಳು. ನಾನು ಬೇಡ ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಕಾ ಎಂಟು ದಿನ ಅವಳನ್ನು ಅಂಗಡಿ ಮುಂದೆ ಕೂಡಿಸಿಕೊಂಡು ಗಾಲಿ ಬಿಚ್ಚಿಸಿ, ಜೋಡಿಸಿ, ಮತ್ತೆ ಬಿಚ್ಚಿಸಿದ. "ಕಣ್ಣ ಮುಚ್ಚಿ ಟ್ಯೂಬ್ ಹಾಕ್ಬೇಕು ಬೇ, ಅವಾಗ ಕಳಸ್ತೇನಿ" ಅನ್ನುತ್ತಿದ್ದ. ಹಾಕಿಯೂ ತೋರಿಸಿದಳು.

ನಾಲ್ವರಿಗೂ ಸಾಮಾನಿನ ಚೀಲ ಒಂದೇ, ಅದು ಮೊಮ್ಮಗಳದು. ಹೊರಡುವ ಹಿಂದಿನ ಸಂಜೆ ನಾನು ಅವಳು ಕಟ್ಟಿಟ್ಟ ಆ ಚೀಲದಿಂದ ಟ್ಯೂಬು, ತೇಪೆ, ಸಲ್ಯೂಷನ್ ತೆಗೆದು ನನ್ನ ಸೀರೆಗಳ ಗಂಟಿನಲ್ಲಿ ಅಡಗಿಸಿದೆ. ಆ ಜಾಗಕ್ಕೆ ಕಟಿ ರೊಟ್ಟಿ, ಶೇಂಗಾ ಚಟ್ನಿ ತುಂಬಿದೆ. ಹಳಿಯಾಳ ಮುಟ್ಟುವುದರೊಳಗೆ ಒಂದು ಪಂಚರ್ ಆದರೆ ಸಾಕು, ಸೋತು ಹೊಳ್ಳಿ ಬರುತ್ತಾಳೆ ಎಂದುಕೊಂಡಿದ್ದೆ.

ಬೆಳಿಗ್ಗೆ ಅಂಗಡಿ ಮುಂದೆ ನಾಲ್ಕೂ ಸೈಕಲ್ ನಿಂತವು, ಕಳಿಸಲು ನಾನೂ ಹೋಗಿದ್ದೆ. ಕಾಕಾ ಮೊಮ್ಮಗಳ ಚೀಲ ಎತ್ತಿ ಗೋಣಿತಟ್ಟಿನ ಮೇಲಿಟ್ಟು, "ಬಿಚ್ಚು" ಅಂದ. ರೊಟ್ಟಿ ಹೊರಬಿದ್ದವು.

"ಪಂಚರಿಗೆ ರೊಟ್ಟಿ ತೇಪಿ ಹಚ್ಚಾಕಿ ಏನಬೇ?"

ಗೆಳತಿಯರು ನಕ್ಕರು. ಮೊಮ್ಮಗಳ ಮುಖ ಬಿಳಿಚಿತು. "ಎಲ್ಲಾ ಇತ್ತು ಕಾಕಾ, ನಾನ ಕಟ್ಟಿದ್ದೆ."

ಕಾಕಾ ನನ್ನ ಕಡೆ ನೋಡಿದ. ನಾನು ಸೆರಗು ಸರಿಮಾಡಿಕೊಂಡೆ.

"ಇತ್ತು. ನಾನ ನಿಮ್ಮ ಆಯಿಗೆ ಹೇಳಿ ತಗಸೇನಿ, ನೀ ಬಿಚ್ಚಿ ನೋಡ್ತೀಯೋ ಇಲ್ಲೋ ಅಂತ. ನೋಡಲಿಲ್ಲಲ್ಲ! ಒಳಗ ಹೋಗಿ ಬ್ಯಾರೆ ಟ್ಯೂಬ್, ತೇಪಿ, ಸಲ್ಯೂಷನ್ ತಗೊಂಡ ಬಾ."

ಅವಳು ನಾಲಿಗೆ ಕಚ್ಚಿಕೊಂಡು ಒಳಗೆ ಓಡಿದಳು, ಕಟ್ಟಿದಳು, ಹೋದಳು. ನಾಲ್ವರೂ ತಿರುವು ದಾಟಿದ ಮೇಲೆ ಕಾಕಾ ಕೈ ಒರೆಸಿಕೊಳ್ಳುತ್ತ ಸಣ್ಣ ದನಿಯಲ್ಲಿ ಅಂದ:

"ಪಂಚರ್ ಆದ್ರ ಹೊಳ್ಳಿ ಬರ್ತಾಳ ಅಂತ ತಿಳದ್ರೇನು? ಹೊಳ್ಳಿ ಬರಾಕೂ ಗಾಲಿ ತಿರಗಬೇಕ್ರಿ ಅವ್ವಾರ."

 ನಾನು ಮನೆ ಹಾದಿ ಹಿಡಿದೆ.

ಐದನೇ ದಿನ ಮೊಮ್ಮಗಳು ಬಂದಳು. ದಾಂಡೇಲಿ ಆಚೆ, ನಟ್ಟ ಅಡವಿಯಲ್ಲಿ ಎರಡು ಸಲ ಪಂಚರ್ ಆಗಿತ್ತಂತೆ, ತಾನೇ ಸರಿಮಾಡಿಕೊಂಡಳಂತೆ. ಕಾಕಾ, "ಬರೇ ಎರಡ ಸಲ ಏನು?" ಅಂದ, ಅಷ್ಟೇ.

ಹೋದ ಶ್ರಾವಣದಲ್ಲಿ ಕಾಕಾ ತೀರಿಕೊಂಡ. ನಾನು ಮಾಡಿದ ಕೆಲಸವನ್ನು ಅವನು ಯಾರ ಮುಂದೆಯೂ ಆಡಲಿಲ್ಲ. ಕಾಕಾ ತನ್ನನ್ನು ಹೇಗೆ ಪರೀಕ್ಷೆ ಮಾಡಿದ ಎಂದು ಮೊಮ್ಮಗಳು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ, ನಾನು ಬಾಜೂಕೇ ಕೂತು ಕೇಳುತ್ತೇನೆ. ಪರೀಕ್ಷೆಯೂ ಇಲ್ಲ, ಏನೂ ಇಲ್ಲ. ಚೀಲದಿಂದ ಟ್ಯೂಬು ತೆಗೆದವಳು ನಾನು. ಬರೆದಿದ್ದೇನೆ, ಅವಳು ಓದಿಕೊಳ್ಳಲಿ.